ಅಜ್ಜಿ ಗಾಡಿಯ ಎಡಬಾಗಿಲು

ಸೋಮವಾರ ಬೆಳಗ್ಗೆ ಹತ್ತೂವರೆಗೆ ಬಂದರಿನ ಪೊಲೀಸ್ ಠಾಣೆಗೆ ದೂರು ಬಂದಾಗ ಇನ್ಸ್‌ಪೆಕ್ಟರ್ ಇನ್ನೂ ಚಹಾ ಮುಗಿಸಿರಲಿಲ್ಲ. ದೂರು ತಂದವನು ಇಳಿಜಾರು ರಸ್ತೆಯ ಟೈಲರಮ್ಮನ ತಮ್ಮ. ತಲೆಗೂದಲಲ್ಲಿ ಗೋಡೆಯ ಸುಣ್ಣ, ಕೈಯಲ್ಲಿ ಅಕ್ಕನ ಒಂಟಿ ಚಪ್ಪಲಿ. ಅದನ್ನು ಯಾಕೆ ಹಿಡಿದು ಬಂದಿದ್ದನೆಂದು ಅವನಿಗೇ ಗೊತ್ತಿರಲಿಲ್ಲ.

"ಅಕ್ಕನ ಅಂಗಡಿಗೆ ಗಾಡಿ ನುಗ್ಗಿಸಿದಾನೆ ಸಾರ್. ಬಲಗಾಲು ಎರಡು ಕಡೆ ಮುರಿದಿದೆ. ಕುಡಿದೇ ಓಡಿಸಿರ್ತಾನೆ."

"ಯಾವ ಗಾಡಿ?"

"ಅಜ್ಜಿ ಗಾಡಿ."

ಬಂದರಿನ ಸುತ್ತಮುತ್ತ ಅಜ್ಜಿ ಗಾಡಿ ಯಾವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ದೋಣಿ ಮೇಸ್ತ್ರಿಯ ಹಸಿರು ಪಿಕಪ್. ಏರು ಹತ್ತುವಾಗ ಕೆಮ್ಮುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ದೋಣಿಯ ಹಲಗೆ, ಬಲೆ, ಐಸು, ಮೀನಿನ ಪೆಟ್ಟಿಗೆ, ಮದುವೆಯ ಕುರ್ಚಿ, ಶಾಲೆ ಬಿಟ್ಟ ಮಕ್ಕಳು ಹೀಗೆ ಅದು ಹೊರದ ಹೊರೆ ಇರಲಿಲ್ಲ. ಇನ್ಸ್‌ಪೆಕ್ಟರ್ ಕೂಡ ಚಿಕ್ಕವರಿದ್ದಾಗ ಅದರ ಹಿಂದೆ ಜೋತುಬಿದ್ದು ಬೈಸಿಕೊಂಡವರೇ. ಆ ವಿಷಯವನ್ನು ಅವರು ಅಲ್ಲಿ ಎತ್ತಲಿಲ್ಲ. ಹೆಡ್ ಕಾನ್‌ಸ್ಟೆಬಲ್‌ಗೆ ಎಫ್‌ಐಆರ್ ಬರೆದುಕೊಳ್ಳಲು ಹೇಳಿದರು.

ಗಾಡಿ ಓಡಿಸುತ್ತಿದ್ದವನು ಮೇಸ್ತ್ರಿಯ ಅಳಿಯ. ಹಣೆಗೆ ಪಟ್ಟಿ ಸುತ್ತಿಸಿಕೊಂಡು ಬಂದು ಠಾಣೆಯ ಬೆಂಚಿನ ತುದಿಯಲ್ಲಿ ಕೂತಿದ್ದ.

"ಎಷ್ಟು ಸ್ಪೀಡಲ್ಲಿದ್ದೆ?"

"ಸ್ಪೀಡಿರಲಿಲ್ಲ ಸಾರ್. ಬ್ರೇಕ್ ಹಿಡೀಲಿಲ್ಲ."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. "ನನ್ನ ಸರ್ವಿಸ್ಸಲ್ಲಿ ಬ್ರೇಕ್ ಹಿಡಿದು ಡಿಕ್ಕಿ ಹೊಡೆದೋನು ಒಬ್ಬನೂ ಸಿಕ್ಕಿಲ್ಲಪ್ಪ. ಎಲ್ಲರಿಗೂ ಅದೇ ಹೊತ್ತಲ್ಲೇ ಕೈಕೊಡುತ್ತೆ."

"ಹ್ಯಾಂಡ್‌ಬ್ರೇಕೂ ಎಳೆದೆ ಸಾರ್. ಅದು ಎಂದೋ ತುಕ್ಕು ಹಿಡಿದು ಕೂತಿತ್ತು. ಗೇರ್ ಇಳಿಸಿದೆ. ಎದುರಿಗೆ ಜನ ಇದ್ರು. ಎಡಕ್ಕೆ ತಿರುಗಿಸಿದೆ. ಅಂಗಡಿ ಮುಚ್ಚಿದೆ ಅಂದ್ಕೊಂಡೆ." ಅವನು ತಲೆ ತಗ್ಗಿಸಿದ.

ಅವನ ಹೆಂಡತಿ, ಮೇಸ್ತ್ರಿಯ ಒಬ್ಬಳೇ ಮಗಳು, ಬಾಗಿಲ ಬಳಿ ನಿಂತಿದ್ದಳು. "ಇವರು ಕುಡಿಯಲ್ಲ ಸಾರ್. ಜೈಲಿಗೆ ಹಾಕ್ಬೇಡಿ," ಎಂದಷ್ಟೇ ಹೇಳಿದಳು.

ಹನ್ನೊಂದೂಕಾಲಿಗೆ ಸ್ಥಳದಲ್ಲಿ ಪಂಚನಾಮೆ ಶುರುವಾಯಿತು. ಪಂಚರಾಗಿ ನಿಂತವರು ಎದುರಿನ ಔಷಧದಂಗಡಿಯವರು ಮತ್ತು ಚಪ್ಪಲಿ ಹೊಲಿಯುವವನು. ಅಂಗಡಿಯ ಮುಂಗೋಡೆ ಕುಸಿದಿತ್ತು. ಪಿಕಪ್‌ನ ಮೂತಿ ಒಳಗೆ, ಬೆನ್ನು ರಸ್ತೆಯಲ್ಲಿ. ಹೊಲಿಗೆ ಯಂತ್ರ ಮಗುಚಿಬಿದ್ದು, ತುಳಿಯುವ ಹಲಗೆ ಮುರಿದಿತ್ತು. ನೀಲಿ ಯೂನಿಫಾರ್ಮುಗಳ ರಾಶಿಯ ಮೇಲೆ ಇಟ್ಟಿಗೆ ಚೂರು. ಒಂದು ಪುಟ್ಟ ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಗಾಡಿ ನುಗ್ಗಿದ್ದಿರಬೇಕು. ಸೂಜಿ ಇನ್ನೂ ಮೂರನೇ ಗುಂಡಿಯಲ್ಲೇ ಸಿಕ್ಕಿಕೊಂಡಿತ್ತು.

ರಸ್ತೆಯ ಮೇಲೆ ಟೈರು ಉಜ್ಜಿದ ಗುರುತಿರಲಿಲ್ಲ. ಅದರ ಬದಲು, ಇಳಿಜಾರಿನ ಮೇಲಿನ ತಿರುವಿನಿಂದ ಅಂಗಡಿಯ ತನಕ ಎಣ್ಣೆಯ ಗೆರೆಯೊಂದು ಹನಿಹನಿಯಾಗಿ ಬಂದಿತ್ತು. ಇನ್ಸ್‌ಪೆಕ್ಟರ್ ಬೆರಳಿಗೆ ಹಚ್ಚಿ ಉಜ್ಜಿ ನೋಡಿದರು.

"ಬ್ರೇಕ್ ಎಣ್ಣೆ. ಹುಡುಗ ಸುಳ್ಳು ಹೇಳ್ತಿಲ್ಲ ಅನ್ಸುತ್ತೆ," ಎಂದರು.

"ಹಾಗಾದ್ರೆ ಯಾರೋ ಪೈಪ್ ಕತ್ತರಿಸಿರ್ಬೇಕು ಸಾರ್," ಎಂದರು ಹೆಡ್ ಕಾನ್‌ಸ್ಟೆಬಲ್. ಅವರಿಗೆ ಇದ್ದಕ್ಕಿದ್ದಂತೆ ಕೇಸಿನಲ್ಲಿ ಉತ್ಸಾಹ ಬಂದಿತ್ತು. ಅದೇ ಉತ್ಸಾಹದಲ್ಲಿ ಗಾಡಿಯ ಎಡಬಾಗಿಲು ಹಿಡಿದೆಳೆದರು. ಅದು ಜಪ್ಪಯ್ಯ ಎನ್ನಲಿಲ್ಲ. ಕಾಲು ಕೊಟ್ಟು ಎಳೆದರು. ಊಹುಂ.

ಗುಂಪಿನಲ್ಲಿದ್ದ ಮೇಸ್ತ್ರಿಯ ಮಗಳು ಮುಂದೆ ಬಂದಳು. "ಹಾಗಲ್ಲ ಸಾರ್. ಸ್ವಲ್ಪ ಎತ್ತಿ ಎಳೀಬೇಕು." ಒಂದು ಕೈಯನ್ನು ಬಾಗಿಲಡಿ ಕೊಟ್ಟು ತುಸು ಎತ್ತಿ ಎಳೆದಳು. ಬಾಗಿಲು ಸುಮ್ಮನೆ ತೆರೆದುಕೊಂಡಿತು. "ನಾನು ಹುಟ್ಟೋ ಮುಂಚಿಂದಲೂ ಹೀಗೇ. ಅಮ್ಮನಿಗೆ ಇದು ಎತ್ತೋಕೆ ಆಗ್ತಿರಲಿಲ್ಲ. ಪ್ರತಿ ಸಲ ಅಪ್ಪನೇ ಇಳಿದು, ಸುತ್ತಿ ಬಂದು ತೆಗೀತಿದ್ರು. ಅಮ್ಮ ರಾಣಿ ಹಾಗೆ ಇಳೀತಿದ್ಲು."

ಒಳಗೆ ಎಡಸೀಟಿಗೆ ಹೂವಿನ ಬಟ್ಟೆಯ ಗವಸು ಇತ್ತು. ಹೂಗಳ ಬಣ್ಣ ಮಾಸಿತ್ತು. ಅಂಚಿನ ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅದು ಟೈಲರಮ್ಮನ ಕೈಕೆಲಸವೆಂದು ಮಗಳು ಹೇಳಿದಳು. ಹೇಳಿದ ಮೇಲೆ ಕುಸಿದ ಗೋಡೆಯ ಕಡೆ ನೋಡಿ ಅತ್ತಳು.

ಗಾಡಿ ಹೊರಗೆಳೆಯಲು ಗ್ಯಾರೇಜಿನ ಮೆಕ್ಯಾನಿಕ್‌ನನ್ನು ಕರೆಸಿದರು. ಬಂದರಿನ ಗಾಡಿಗಳೆಲ್ಲ ಅವನ ಬಳಿಯೇ ಹೋಗುವುದು. ಅವನು ಬೆನ್ನ ಮೇಲೆ ಮಲಗಿ ಗಾಡಿಯ ಅಡಿಗೆ ತೂರಿದ. ಇನ್ಸ್‌ಪೆಕ್ಟರ್ ಕೂಡ ಟೋಪಿ ತೆಗೆದು ಪಕ್ಕದಲ್ಲೇ ತೂರಿದರು.

ಪೈಪನ್ನು ಯಾರೂ ಕತ್ತರಿಸಿರಲಿಲ್ಲ. ಹಿಂದಿನ ಚಕ್ರಗಳ ಕಡೆ ಹೋಗುವ ಬ್ರೇಕ್ ಪೈಪು ತುಕ್ಕು ತಿಂದು ತಿಂದು ಕಾಗದದಷ್ಟಾಗಿ, ಒಂದು ಕಡೆ ಬಾಯಿ ಬಿಟ್ಟಿತ್ತು. ವರ್ಷಗಟ್ಟಲೆ ಮೀನಿನ ಪೆಟ್ಟಿಗೆಯಿಂದ ಸೋರಿದ ಉಪ್ಪುನೀರು ನೇರ ಅಲ್ಲಿಗೇ ಬೀಳುತ್ತಿತ್ತು.

"ಒಂದು ಪೈಪು ಹೋದ್ರೆ ನಾಲ್ಕು ಚಕ್ರದ ಬ್ರೇಕೂ ಹೋಗುತ್ತಾ?"

"ಈ ಹಳೇ ಮಾದರಿಗೆ ಹೋಗುತ್ತೆ ಸಾರ್. ಎಲ್ಲಕ್ಕೂ ಒಂದೇ ದಾರೀಲಿ ಎಣ್ಣೆ."

"ಇದನ್ನ ಮೊದಲೇ ನೋಡಿದ್ದೆಯಾ?"

ಮೆಕ್ಯಾನಿಕ್ ಪೈಪಿನಿಂದ ಕಣ್ಣು ತೆಗೆದು ಪಕ್ಕದ ಚಕ್ರ ನೋಡಿದ. "ನೆನಪಿಲ್ಲ ಸಾರ್."

ಇನ್ಸ್‌ಪೆಕ್ಟರ್ ಟಾರ್ಚನ್ನು ಪೈಪಿನ ಹತ್ತಿರ ಹಿಡಿದರು. ಬಾಯಿಬಿಟ್ಟ ಕಡೆ ಏನೋ ಜೋತಾಡುತ್ತಿತ್ತು. ಹತ್ತಿಯ ನೂಲು. ಒತ್ತೊತ್ತಾಗಿ ಸುತ್ತಿ, ಮೇಲೆ ಏನೋ ಮೆತ್ತಿ, ಅದರ ಮೇಲೆ ಕರಿ ಬಣ್ಣ ಬಳಿದಿದ್ದರು. ಒಳಗಿನ ಒತ್ತಡಕ್ಕೆ ಅದು ಸಿಡಿದು ಬಿಚ್ಚಿಕೊಂಡಿತ್ತು. ಅವರು ನೂಲಿನ ಎಳೆಯೊಂದನ್ನು ಮೂಗಿಗೆ ಹಿಡಿದರು.

ರಾಳ. ಎಣ್ಣೆಯಲ್ಲಿ ಕುದಿಸಿದ ರಾಳ.

ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಇನ್ಸ್‌ಪೆಕ್ಟರ್‌ಗೆ ಶಾಲೆ ಬಿಟ್ಟ ಸಂಜೆಗಳು ಕಣ್ಣಿಗೆ ಕಟ್ಟಿದವು. ಅಜ್ಜನ ದೋಣಿಯನ್ನು ಮರಳ ಮೇಲೆ ಮಗುಚಿ ಹಾಕುತ್ತಿದ್ದರು. ತಗಡಿನ ಡಬ್ಬಿಯಲ್ಲಿ ರಾಳ ಕುದಿಯುತ್ತಿತ್ತು. ಹಲಗೆಗಳ ಸಂದಿಗೆ ನೂಲು ಇಟ್ಟು, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು, ಮೇಲೆ ರಾಳ ಮೆತ್ತಿದರೆ ಕಡಲಿನ ನೀರು ಒಂದು ಹನಿ ಒಳಗೆ ಬರುತ್ತಿರಲಿಲ್ಲ. ಮನೆಗೆ ಹೋದರೆ ಅಜ್ಜಿ ತಲೆ ಮೂಸಿ, "ಮತ್ತೆ ದೋಣಿ ಹತ್ರ ಹೋಗಿದ್ಯಾ?" ಎಂದು ಬೈಯುತ್ತಿದ್ದಳು. ಅಜ್ಜನ ದೋಣಿಗೆ ನೂಲು ತುಂಬುತ್ತಿದ್ದವರು ಮೇಸ್ತ್ರಿಯೇ. ಈಗ ಆ ಕೆಲಸ ಬಲ್ಲವರು ಬಂದರಿನಲ್ಲಿ ಅವರೊಬ್ಬರೇ ಉಳಿದಿದ್ದರು.

ಇನ್ಸ್‌ಪೆಕ್ಟರ್ ಗಾಡಿಯಡಿಯಿಂದ ಹೊರಬಂದು ಟೋಪಿ ಹಾಕಿಕೊಂಡರು. ಪೈಪನ್ನು ನೂಲಿನ ಸಮೇತ ಬಿಚ್ಚಿಸಿ, ಚೀಲಕ್ಕೆ ಹಾಕಿ, ಪಂಚರ ಸಹಿ ಪಡೆದು ಜಪ್ತಿ ಮಾಡಿದರು.

ಮಧ್ಯಾಹ್ನ ಆಸ್ಪತ್ರೆಯಿಂದ ವರದಿ ಬಂತು. ಅಳಿಯನ ರಕ್ತದಲ್ಲಿ ಮದ್ಯದ ಅಂಶವಿರಲಿಲ್ಲ. ಹಾಗೆಂದು ಅವನು ಪಾರಾಗುವಂತಿರಲಿಲ್ಲ. ಬ್ರೇಕ್ ಕೆಟ್ಟಿದ್ದು ಗೊತ್ತಿದ್ದೂ ಗಾಡಿ ಹೊರಡಿಸಿದ್ದರೆ ತಪ್ಪು ಅವನದೇ.

"ಬ್ರೇಕಿಗೆ ಹಿಂದೆ ತೊಂದರೆ ಬಂದಿತ್ತಾ?"

"ಹೋದ ತಿಂಗಳು ಎಣ್ಣೆ ಸೋರ್ತಿತ್ತು ಸಾರ್. ಮಾವ ಗ್ಯಾರೇಜಿಗೆ ತಗೊಂಡು ಹೋದ್ರು. ವಾಪಸ್ ಬಂದು, 'ಸರಿಹೋಯ್ತು, ಇನ್ನು ಓಡಿಸಪ್ಪ' ಅಂದ್ರು."

ಇನ್ಸ್‌ಪೆಕ್ಟರ್ ಚೀಲದಿಂದ ಪೈಪನ್ನು ತೆಗೆದು ಮೇಜಿನ ಮೇಲಿಟ್ಟರು. ಅಳಿಯ ನೂಲು ನೋಡಿದ. ದೋಣಿ ಕಟ್ಟೆಯಲ್ಲಿ ಮಾವನಿಗೆ ಹಲಗೆ ಹೊತ್ತುಕೊಟ್ಟು, ಅವರು ನೂಲು ತುಂಬುವುದನ್ನು ನೋಡಿದ್ದವನು. ಅವನಿಗೆ ವಿವರಣೆ ಬೇಕಿರಲಿಲ್ಲ.

"ಅದು ನಾನೇ ಸುತ್ತಿದ್ದು ಸಾರ್."

"ಯಾವಾಗ?"

"ಮೊನ್ನೆ."

"ಮೊದಲು ಯಾವ ಕಡೆಯಿಂದ ಸುತ್ತಿದೆ?"

ಅವನ ಕಣ್ಣು ಪೈಪಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಯಿತು. "ನಂಗೆ ಅಪ್ಪ ಅಮ್ಮ ಇಲ್ಲ ಸಾರ್. ಕೆಲಸ ಕೊಟ್ಟಿದ್ದು ಅವರು. ಮಗಳನ್ನ ಕೊಟ್ಟಿದ್ದು ಅವರು. ನನ್ನ ಮೇಲೇ ಹಾಕ್ಕೊಳ್ಳಿ."

"ಇದೇನು ಚೀಲದ ಭಾರವೇನಪ್ಪ, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹಾಕೋಕೆ?" ಎಂದರು ಹೆಡ್ ಕಾನ್‌ಸ್ಟೆಬಲ್. ಬೆಳಗಿನ ಗಡಸು ಅವರ ದನಿಯಲ್ಲಿರಲಿಲ್ಲ. ಅವನಿಗೊಂದು ಚಹಾ ತರಿಸಿದರು.

ಮೆಕ್ಯಾನಿಕ್ ಎರಡನೇ ಸಲ ಕೇಳಿದಾಗ ಬಾಯಿಬಿಟ್ಟ. "ಪೈಪ್ ಬದಲಾಯಿಸಿದ್ರೆ ಮುಗಿಯೋ ಕೆಲಸ ಆಗಿರಲಿಲ್ಲ ಸಾರ್. ಚಾಸಿಯೇ ತುಕ್ಕು ತಿಂದುಹೋಗಿತ್ತು. ಇದಕ್ಕೆ ನಾನು ಕೈಹಾಕಲ್ಲ, ಗುಜರಿಗೆ ಕಳಿಸಿ ಅಂದೆ. 'ಅಳಿಯನಿಗೆ ಹೇಳ್ಬೇಡ, ನಾನೇ ಹೇಳ್ತೀನಿ' ಅಂದ್ರು. ಅವರ ಮುಖ ನೋಡಿ ಸುಮ್ಮನಾದೆ. ಸುಮ್ಮನಾಗಬಾರದಿತ್ತು."

ಸಂಜೆ ನಾಲ್ಕಕ್ಕೆ ಜೀಪು ದೋಣಿ ಕಟ್ಟೆಗೆ ಹೋಯಿತು. ಮೇಸ್ತ್ರಿ ಮಗುಚಿದ ದೋಣಿಯೊಂದರ ಪಕ್ಕ ಕೂತಿದ್ದರು. ಡಬ್ಬಿಯ ರಾಳ ತಣ್ಣಗಾಗಿ ಕೆನೆಗಟ್ಟಿತ್ತು. ಕೈಯಲ್ಲಿ ನೂಲಿನ ಉಂಡೆಯಿದ್ದರೂ ಸಂದಿಗೆ ಒಂದೆಳೆಯೂ ಹೋಗಿರಲಿಲ್ಲ. ಜೀಪು ಕಂಡು ಎದ್ದು ನಿಂತರು.

"ಟೈಲರಮ್ಮನ ಕಾಲು?" ಎಂದು ಅವರೇ ಮೊದಲು ಕೇಳಿದರು.

"ಆಪರೇಷನ್ ಆಗಿದೆ. ನಡೀತಾರೆ. ಮೆಷಿನ್ ತುಳಿಯೋಕೆ ಆಗುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ."

ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. "ನನ್ನ ಮಗಳ ಮೊದಲನೇ ಯೂನಿಫಾರ್ಮು ಹೊಲಿದವಳು ಅವಳು."

ಇನ್ಸ್‌ಪೆಕ್ಟರ್ ಚೀಲ ತೋರಿಸಿದರು. "ಇದು ನಿಮ್ಮ ಕೈ ಅಲ್ವಾ ಮೇಸ್ತ್ರಿಗಳೇ?"

"ನಂದೇ."

"ಗಾಡಿ ಓಡಿಸಬಾರದು ಅಂತ ಮೆಕ್ಯಾನಿಕ್ ಹೇಳಿದ್ನಾ?"

"ಹೇಳಿದ್ದ."

"ಅಳಿಯನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವನು ಮಾರನೇ ದಿನವೇ ಗುಜರಿಗೆ ಬಿಡ್ತಿದ್ದ. ಬುದ್ಧಿ ಇರೋನು ಅವನು." ಮೇಸ್ತ್ರಿ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಇಷ್ಟು ವರ್ಷ ಕಡಲನ್ನೇ ಹೊರಗೆ ನಿಲ್ಲಿಸಿದೀನಿ, ಬೆರಳು ದಪ್ಪದ ಪೈಪು ಯಾವ ಲೆಕ್ಕ ಅಂದ್ಕೊಂಡೆ. ದೋಣೀಲಿ ನೀರು ಹೊರಗಿಂದ ಒತ್ತುತ್ತೆ. ಒತ್ತಿದಷ್ಟೂ ನೂಲು ಬಿಗಿಯಾಗುತ್ತೆ. ಇದರಲ್ಲಿ ಒಳಗಿಂದ ಒತ್ತುತ್ತೆ ಅನ್ನೋದು ನನ್ನ ತಲೆಗೆ ಹೊಳೀಲೇ ಇಲ್ಲ. ನಾನೇ ನಾಲ್ಕು ಸಲ ಓಡಿಸಿ ನೋಡಿದೆ. ಹಿಡೀತು. ಆಮೇಲೆ ಅವನ ಕೈಗೆ ಕೊಟ್ಟೆ."

"ಅದು ಕಬ್ಬಿಣದ ಗಾಡಿ, ಮೇಸ್ತ್ರಿಗಳೇ."

"ನನ್ನವಳು ಹೋದಮೇಲೆ ಮನೇಲಿ ಅವಳ ಜಾಗ ಅಂತ ಯಾವುದೂ ಉಳೀಲಿಲ್ಲ ಸಾರ್. ಮಂಚ ಮಗಳು ತಗೊಂಡ್ಲು, ಅಡಿಗೆಮನೆ ಬದಲಾಯ್ತು. ಆ ಎಡಸೀಟು ಒಂದೇ ಇದ್ದಿದ್ದು. ಹೆರಿಗೆಗೆ ಹೋಗಿದ್ದು ಅದರಲ್ಲೇ, ಮಗು ಎತ್ಕೊಂಡು ಬಂದಿದ್ದೂ ಅದರಲ್ಲೇ. ಕೊನೇ ಸಲ ಆಸ್ಪತ್ರೆಗೆ ಹೋಗುವಾಗ, 'ಬಾಗಿಲು ಸರಿಮಾಡಿಸಿಬಿಡಿ, ಎಷ್ಟು ಸಲ ಇಳಿದು ಸುತ್ತಿ ಬರ್ತೀರಾ' ಅಂದ್ಲು. ನಾನು ಮಾಡಿಸಲಿಲ್ಲ. ಬೇಕೂಂತಲೇ ಮಾಡಿಸಲಿಲ್ಲ."

ಹೆಡ್ ಕಾನ್‌ಸ್ಟೆಬಲ್ ಕಡಲಿನ ಕಡೆ ತಿರುಗಿ ಮೂಗು ಒರೆಸಿಕೊಂಡರು. ನೆಗಡಿ ಎಂದು ಯಾರೂ ಕೇಳದೆಯೇ ಹೇಳಿದರು.

ನಾಲ್ಕೂ ಮುಕ್ಕಾಲಿಗೆ ಬಂಧನ ದಾಖಲಾಯಿತು. ಅಪಾಯ ಗೊತ್ತಿದ್ದೂ ಮುಚ್ಚಿಟ್ಟು, ಇನ್ನೊಬ್ಬರ ಜೀವಕ್ಕೆ ಸಂಚಕಾರ ತಂದ ಆರೋಪ. ಅಳಿಯನನ್ನು ಆ ಸಂಜೆಯೇ ಬಿಟ್ಟರು. ಮೇಸ್ತ್ರಿಯ ಬಂಧನದ ಕಾಗದದಲ್ಲಿ ಕಾರಣ ಎಂಬ ಜಾಗಕ್ಕೆ ಏನು ಬರೆಯುವುದೆಂದು ಇನ್ಸ್‌ಪೆಕ್ಟರ್ ಬಹಳ ಹೊತ್ತು ಯೋಚಿಸಿ, ಕಡೆಗೆ 'ವಾಹನವನ್ನು ಬಿಡಲು ಮನಸ್ಸಾಗದೆ' ಎಂದು ಬರೆದರು. ಸರ್ಕಾರಿ ಭಾಷೆಯಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ.

ಆದರೆ ಅದಕ್ಕೆ ಮುಂಚೆ, ದೋಣಿ ಕಟ್ಟೆಯಲ್ಲಿ ಒಂದು ಸಂಗತಿ ನಡೆಯಿತು. ಅದು ಯಾವ ಕಾಗದಕ್ಕೂ ಹೋಗಲಿಲ್ಲ. ನಡೆಯಿರಿ ಎಂದಾಗ ಮೇಸ್ತ್ರಿ ರಾಳದ ಡಬ್ಬಿಗೆ ಮುಚ್ಚಳ ಹಾಕಿ, ಜೀಪಿನ ಹಿಂದಕ್ಕೆ ಹೋಗದೆ ಮುಂದಿನಿಂದ ಸುತ್ತಿ ಎಡಬಾಗಿಲಿಗೆ ಬಂದರು. ಒಂದು ಕೈಯನ್ನು ಬಾಗಿಲಡಿ ಕೊಟ್ಟು ತುಸು ಎತ್ತಿ ಎಳೆದರು. ಜೀಪಿನ ಬಾಗಿಲಿಗೆ ಅದು ಬೇಕಿರಲಿಲ್ಲ, ಸಲೀಸಾಗಿ ತೆರೆದುಕೊಂಡಿತು. ಅದನ್ನು ಹಿಡಿದುಕೊಂಡು ಮೇಸ್ತ್ರಿ ಪಕ್ಕಕ್ಕೆ ಸರಿದು ನಿಂತರು. ಆಮೇಲೆ ಏನು ಮಾಡುತ್ತಿದ್ದೇನೆಂದು ಅರಿವಾಗಿ, ನಾಚಿಕೊಂಡು ಇನ್ಸ್‌ಪೆಕ್ಟರ್ ಮುಖ ನೋಡಿದರು.

ಅದು ಇನ್ಸ್‌ಪೆಕ್ಟರ್ ದಿನವೂ ಕೂರುವ ಸೀಟು. ಅವರು ಬಾಗಿಲನ್ನು ತಾವೇ ಮೆಲ್ಲಗೆ ಮುಚ್ಚಿ, ಮೇಸ್ತ್ರಿಯ ಜೊತೆ ಹಿಂದೆ ಹತ್ತಿದರು. ಹೆಡ್ ಕಾನ್‌ಸ್ಟೆಬಲ್ ಜೀಪು ಹೊರಡಿಸಿದರು. ಮುಂದಿನ ಎಡಸೀಟು ಠಾಣೆ ತಲುಪುವ ತನಕ ಖಾಲಿಯೇ ಇತ್ತು.