ಟ್ಯಾಂಕಿನಲ್ಲಿ ಮಾಯವಾದ ನೀಲಿ

ಶೆಡ್ಡಿನ ಬಾಗಿಲು ತೆಗೆದರೆ ಕಾಲಿಡಲು ಜಾಗವಿರಲಿಲ್ಲ. ಹೊಟ್ಟಿನ ಹಾಸಿನ ಮೇಲೆ ಬ್ರಾಯ್ಲರ್ ಕೋಳಿಗಳು ಕಾಲು ಚಾಚಿ ಸತ್ತು ಬಿದ್ದಿದ್ದವು. ಉಳಿದವು ಮೂಲೆಯಲ್ಲಿ ಗುಂಪುಗೂಡಿ ಏದುಸಿರು ಬಿಡುತ್ತಿದ್ದವು.

ಪಕ್ಕದ ಫೀಡ್ ರೂಮಿನ ಬಾಗಿಲನ್ನು ಯಾರೋ ಒಳಗಿನಿಂದ ಗುದ್ದುತ್ತಿದ್ದರು.

“ಯಾರದು?” ಇನ್‌ಸ್ಪೆಕ್ಟರ್ ಕೇಳಿದಳು.

“ಕೊಲೆಗಾತಿ, ಮೇಡಂ,” ಎಂದ ಫಾರಮ್ಮಿನ ಯಜಮಾನ. “ಲಸಿಕೆ ಅಂತ ಹೇಳಿ ಮರಿಗಳಿಗೆ ಬರೀ ನೀರು ಕುಡಿಸಿದ್ಲು. ನಿನ್ನೆ ಸಂಜೆ ಸಿಕ್ಕಿದ್ಲು. ಒಯ್ದು ಒಳಗೆ ಹಾಕಿ.”

“ಮೊದಲು ಬೀಗ ತೆಗೀರಿ.”

ಹೊರಬಂದವಳ ಕಣ್ಣುಗಳು ಕೆಂಪಗಿದ್ದವು. ಅತ್ತು ಅಲ್ಲ, ಸಿಟ್ಟಿಗೆ. ಫಾರಮ್ಮಿಂದ ಫಾರಮ್ಮಿಗೆ ಅಲೆದು ಕೋಳಿಗಳಿಗೆ ಲಸಿಕೆ ಕೊಡುವ ಅವಳನ್ನು ಎಲ್ಲರೂ ನೀಲಿಯಕ್ಕ ಅನ್ನುತ್ತಿದ್ದರು. ಲಸಿಕೆಯ ನೀರಿಗೆ ಹಾಕುವ ನೀಲಿ ಬಣ್ಣ ಅವಳ ಉಗುರು ಬಿಟ್ಟು ಹೋದದ್ದೇ ಇಲ್ಲ.

“ಇದು ಜೀವ ಇರೋ ಬ್ಯಾಕ್ಟೀರಿಯಾದ ಲಸಿಕೆ, ಮೇಡಂ. ಅದರ ಶಕ್ತಿ ಕುಂದಿಸಿರ್ತಾರೆ. ಟ್ಯಾಂಕಿನ ಕುಡಿಯೋ ನೀರಿಗೆ ನೀಲಿ ಬಣ್ಣದ ಮಾತ್ರೆ ಹಾಕಿ ಲಸಿಕೆ ಬೆರೆಸ್ತೀನಿ. ಕುಡಿದ ಮರಿಯ ನಾಲಿಗೆ ನೀಲಿ ಆಗುತ್ತೆ. ಸಂಜೆ ಹೊತ್ತಿಗೆ ಹೋಗಿಬಿಡುತ್ತೆ. ಅವತ್ತು ಬೇರೆ ಫಾರಮ್ಮಿಗೂ ಹೋಗಬೇಕಿತ್ತು, ಬೆರೆಸಿಟ್ಟು ಹೊರಟೆ. ಈಗ ಈ ಕಳಂಕ ಅಂಟಿದ್ರೆ ನನ್ನನ್ನ ಯಾವ ಶೆಡ್ಡಿಗೂ ಸೇರಿಸಲ್ಲ.”

“ನಾಟಕ ನೋಡಿ!” ಎಂದ ಯಜಮಾನನ ಬಾಮೈದ. ಊರಿನಲ್ಲಿ ಕೋಳಿ ಔಷಧಿಯ ಅಂಗಡಿ ಅವನದೇ.

“ಲಸಿಕೆ ಕೊಟ್ಟ ದಿನ ನೀವು ಇಲ್ಲಿದ್ರಾ?” ಇನ್‌ಸ್ಪೆಕ್ಟರ್ ಕೇಳಿದಳು.

“ಇಲ್ಲ ಮೇಡಂ. ಬೆಳಗ್ಗೆಯಿಂದ ರಾತ್ರಿವರೆಗೂ ಅಂಗಡೀಲೇ ಇದ್ದೆ. ಈ ಕಡೆ ತಲೆ ಕೂಡ ಹಾಕಿಲ್ಲ.”

* * *

“ಆ ಲಸಿಕೆ ಯಾವುದರಿಂದ ಕೆಡುತ್ತೆ?” ಇನ್‌ಸ್ಪೆಕ್ಟರ್ ಕೇಳಿದಳು.

“ಬ್ಲೀಚಿಂಗ್ ಪೌಡರ್ ಬಿದ್ರೆ ಸಾಕು,” ಎಂದಳು ನೀಲಿಯಕ್ಕ.

ಯಜಮಾನ ಫಾರಮ್ಮಿನ ಮುದಿ ಕಾವಲುಗಾರನ ಕಡೆ ತಿರುಗಿದ. “ಬ್ಲೀಚಿಂಗ್ ಹಾಕಿ ಟ್ಯಾಂಕ್ ತೊಳೆಯೋನು ನೀನೇ ಅಲ್ವೇನೋ? ಹಾಳು ಮುಂಡೇದೆ!”

ಮುದುಕ ಕೈ ಮುಗಿದ. “ಹಿಂದಿನ ದಿನವೇ ತೊಳೆದು, ನೀರು ಬಿಟ್ಟು ಬಿಟ್ಟು ಜಾಲಾಡಿಸಿದ್ದೆ ಬುದ್ಧಿ. ನೀಲಿ ಕದಡಿದ್ದೂ ನಾನೇ.” ಓಡಿಹೋಗಿ ಒಂದು ಕೋಲು ತಂದ. ಅದರ ತುದಿ ಕಡುನೀಲಿ.

“ಕೋಲು ನೀಲಿ ಇದ್ರೆ ಏನು ಮಹಾ?” ಬಾಮೈದ ಕೂಗಿದ. “ಒಂದು ಮರಿಯ ನಾಲಿಗೇಲೂ ನೀಲಿ ಇರಲಿಲ್ಲ. ನಾನೇ ಬಾಯಿ ಬಿಡಿಸಿ ನೋಡಿದ್ದೀನಿ!”

ಇನ್‌ಸ್ಪೆಕ್ಟರ್ ಅವನ ಕಪ್ಪು ಪ್ಯಾಂಟನ್ನು ನೋಡುತ್ತಿದ್ದಳು. ಮೊಣಕಾಲಿನ ಕೆಳಗೆ ಎರಚಿದಂತೆ, ಬಣ್ಣ ಹೋದ ಬಿಳಿ ಕಲೆಗಳಿದ್ದವು.

“ಇದೇನು?”

“ಮನೇಲಿ ಬಚ್ಚಲು ತೊಳೆದೆ.”

ಬಾಗಿಲಲ್ಲಿ ನಿಂತಿದ್ದ ಯಜಮಾನನ ಹೆಂಡತಿ, ಬಾಮೈದನ ಸ್ವಂತ ಅಕ್ಕ, ಬಾಯಿ ಬಿಟ್ಟಳು. “ಉಂಡ ತಟ್ಟೆ ಎತ್ತಿಡದವನು ನೀನು. ಬಚ್ಚಲು ತೊಳೆದೆಯಾ?”

* * *

ಬಕೆಟ್ಟಿನಲ್ಲಿ ನೀರು. ನೀಲಿಯಕ್ಕ ಒಂದು ಮಾತ್ರೆ ಹಾಕಿದಳು, ನೀರು ನೀಲಿಯಾಯಿತು. ಇನ್‌ಸ್ಪೆಕ್ಟರ್ ಬ್ಲೀಚಿಂಗ್ ದ್ರಾವಣ ಸುರಿದಳು. ಎಲ್ಲರ ಕಣ್ಣೆದುರೇ ಬಣ್ಣ ತೆಳುವಾಗುತ್ತಾ ಹೋಗಿ, ಕೊನೆಗೆ ಬರೀ ನೀರು ಉಳಿಯಿತು.

“ಟ್ಯಾಂಕ್ ತೊಳೆದಾಗಿನ ಬ್ಲೀಚಿಂಗ್ ಉಳಿದಿದ್ದರೆ ನೀರು ನೀಲಿ ಆಗುತ್ತಲೇ ಇರಲಿಲ್ಲ. ಆಗಿದೆ, ಕೋಲೇ ಸಾಕ್ಷಿ. ಅಂದ್ರೆ ಇವಳು ಹೋದ ಮೇಲೆ ಯಾರೋ ಸುರಿದಿದ್ದಾರೆ. ಬಣ್ಣದ ಜೊತೆ ಲಸಿಕೆಯೂ ಸತ್ತಿದೆ.” ಅವಳು ಬಾಮೈದನ ಹತ್ತಿರ ಬಂದಳು. “ನಾಲಿಗೆಯ ನೀಲಿ ಸಂಜೆಗೆ ಹೋಗುತ್ತೆ. ನೋಡೋದಾದ್ರೆ ಅವತ್ತೇ ನೋಡಬೇಕು. ಅವತ್ತು ನೀನು ಈ ಕಡೆ ತಲೆ ಹಾಕಿಲ್ಲ ಅಂದೆ. ಮತ್ತೆ ಯಾವ ಮರಿಯ ಬಾಯಿ ಬಿಡಿಸಿದೆ?”

ಬಾಮೈದ ಅಕ್ಕನಿಂದ ಮುಖ ತಿರುಗಿಸಿಕೊಂಡ.

“ಕಾಯಿಲೆ ಬಂದ್ರೆ ಔಷಧಿ ಕೊಡ್ತಿದ್ದೆ. ಯಾವಾಗಲೂ ವಾಸಿ ಆಗ್ತಿತ್ತು. ಈ ಲಸಿಕೆ ಬಂದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ? ಸಾಯ್ತಾವೆ ಅಂತ ಗೊತ್ತಿರಲಿಲ್ಲ.”

“ಬ್ಯಾಚ್ ಬ್ಯಾಚಿಗೂ ಅದೇ ಔಷಧಿ ಸುರಿದೆ. ಅದು ಆ ಕಾಯಿಲೆಯ ಕ್ರಿಮಿಗೆ ಅಭ್ಯಾಸ ಆಗಿಹೋಗಿದೆ. ಈ ಸಲ ನಾಟಲಿಲ್ಲ.” ಇನ್‌ಸ್ಪೆಕ್ಟರ್ ದನಿ ಏರಿತು. “ಆಮೇಲೆ ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ! ನಾಚಿಕೆ ಆಗಲ್ವಾ?”

ಜೊತೆಗೆ ಬಂದಿದ್ದ ಪೇದೆ ಬಾಮೈದನ ರಟ್ಟೆ ಹಿಡಿದ.

ಯಜಮಾನ ಕೈ ಹಿಸುಕಿಕೊಂಡ. “ತಪ್ಪಾಯ್ತು ನೀಲಿಯಕ್ಕ. ಮುಂದಿನ ಬ್ಯಾಚಿಗೂ ನೀನೇ ಬಾ.”

ನೀಲಿಯಕ್ಕ ಅವನ ಮುಖವನ್ನೇ ನೋಡಿದಳು. “ರಾತ್ರಿಯಿಡೀ ಬಾಗಿಲು ಬಡಿದೆ. ಕುಡಿಯೋಕೆ ನೀರು ಕೇಳಿದೆ. ಕೀಲಿ ಯಾರ ಹತ್ರ ಇತ್ತು?”

ಯಜಮಾನನ ಕೈ ತಾನಾಗಿ ಜೇಬಿಗೆ ಹೋಯಿತು.

“ಕೀಲಿ ಇಲ್ಲಿ ಕೊಡಿ,” ಎಂದಳು ಇನ್‌ಸ್ಪೆಕ್ಟರ್. “ನೀವೂ ಹತ್ತಿ. ಜೀಪಿನಲ್ಲಿ ಇನ್ನೊಬ್ಬರಿಗೆ ಜಾಗ ಇದೆ.”