ಹದಿನೇಳನೇ ಒಲೆ

2025ರ ಜುಲೈ 14, ಸೋಮವಾರ ಬೆಳಗ್ಗೆ 10.40ಕ್ಕೆ ಮನೋಹರ್ ದೇವನಹಳ್ಳಿ ಠಾಣೆಗೆ ಕೊಟ್ಟ ದೂರಿನ ಜೊತೆ ಇಟಲಿ ಭಾಷೆಯ ಒಂದು ಹಾಳೆ ಲಗತ್ತಾಗಿತ್ತು. ಇನ್ಸ್‌ಪೆಕ್ಟರ್ ಅಂಬರೀಶ್ ಅದನ್ನು ಅತ್ತ ಇತ್ತ ತಿರುಗಿಸಿದರು.

"ಏನಪ್ಪಾ ಇದು? ನಮಗೆ ಹಳೇ ಪಹಣಿ ಓದೋದ್ರಲ್ಲೇ ಕಣ್ಣು ಹೋಗುತ್ತೆ."

ಮನೋಹರ್ ವಿವರಿಸಿದ. ಅವನದು ಮೂರು ಜನರ ಕಚೇರಿ. ಇಟಲಿಯ ಹಳೆಯ ಜನಗಣತಿ, ತೆರಿಗೆ ಪುಸ್ತಕಗಳನ್ನು ಓದಿ, ಹೊರದೇಶಗಳಲ್ಲಿ ನೆಲೆಸಿದ ಇಟಲಿ ಮೂಲದವರಿಗೆ ಅವರ ಹಿರೀಕರು ಯಾರೆಂದು ತಿಳಿಸುವ ಕೆಲಸ. ಅರ್ಜೆಂಟೀನಾದ ಲೂಸಿಯಾ ಎಂಬ ಎಪ್ಪತ್ತೊಂಬತ್ತರ ಮುದುಕಿ ತನ್ನ ಅಜ್ಜ ಪಿಯೆತ್ರೋನ ತಂದೆತಾಯಿ ಯಾರೆಂದು ಕೇಳಿದ್ದಳು. ಕಚೇರಿಯಿಂದ ಹೋದ 1881ರ ಗಣತಿ ಹಾಳೆಯಲ್ಲಿ ಅಂತೋನಿಯೋ ಫೆರ್ರಿ, ತೆರೇಸಾ ಮೊರೆಲ್ಲಿ ಎಂದಿತ್ತು. ಆಕೆ ಅಜ್ಜನ ಗೋರಿಗೆ ಹೊಸ ಕಲ್ಲು ಹಾಕಿಸಿ ಎರಡೂ ಹೆಸರು ಕೆತ್ತಿಸಿದಳು. ಆಮೇಲೆ ಅವಳ ಮಗಳು ಇಟಲಿಯ ಆ ಊರಿಗೇ ಹೋಗಿ ಕಡತ ತೆಗೆಸಿದರೆ, ಅಂಥ ಹಾಳೆಯೇ ಇಲ್ಲ!

"ನಮ್ಮ ಕಚೇರಿ ಸಕ್ಲೇನ್ ಕೆಲ್ಸ ಸಾರ್. ಹಳೇ ಹಾಳೆ ಫೋಟೋ ತಿದ್ದಿ ಕಲೆ ತೆಗೆಯೋನು ಅವನೇ. ಈ ಫೈಲ್ ತಯಾರಾಗಿರೋದೂ ಅವನ ಕಂಪ್ಯೂಟರಲ್ಲೇ."

12.15ಕ್ಕೆ ನಕಲಿ ದಾಖಲೆ ಸೃಷ್ಟಿಯ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮೂರು ಗಂಟೆಗೆ ಕಚೇರಿಯಲ್ಲಿ ಪಂಚನಾಮೆ. ಕಂಪ್ಯೂಟರಿನ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಪರದೆಯ ಮೂಲೆಯಲ್ಲೇ ಅಂಟಿಸಿದ್ದರು.

"ಬೀಗ ಜಡಿದು, ಬೀಗದ ಕೈನ ಬಾಗ್ಲಿಗೇ ನೇತಾಕವ್ರೆ ಸಾರ್," ಎಂದಳು ಹೆಡ್ ಕಾನ್‌ಸ್ಟೆಬಲ್ ಪಾಪಮ್ಮ.

ಮರುದಿನ ಬೆಳಗ್ಗೆ ಪಾಪಮ್ಮ ಕಚೇರಿಯಲ್ಲಿದ್ದ ನಲವತ್ತು ಅಸಲಿ ಗಣತಿ ಹಾಳೆಗಳ ಪ್ರತಿಯನ್ನು ಮೇಜಿನ ಮೇಲೆ ಹರವಿದಳು. ಭಾಷೆ ಬಾರದಿದ್ದರೂ ಹೆಸರುಗಳು ಗುರುತು ಸಿಗುತ್ತಿದ್ದವು.

"ನೋಡಿ ಸಾರ್, ಹತ್ತು ಮಕ್ಕಳ ತಾಯಾದ್ರೂ ಅವಳ ಹೆಸರಿನ ಜೊತೆ ಅಪ್ಪನ ಮನೆ ಹೆಸರೇ. ಗಂಡಂದು ಇಲ್ಲ. ಈ ಕಳ್ಳ ಹಾಳೇಲೂ ಹಂಗೇ ಐತೆ."

ಅಂಬರೀಶ್ ಸಕ್ಲೇನನನ್ನು ಕರೆಸಿ ಖಾಲಿ ಹಾಳೆ ಕೊಟ್ಟರು.

"ಕಾರ್ಲೋ ಬ್ರೂನಿ ಯಜಮಾನ. ಮರಿಯಾ ಹೆಂಡತಿ, ಅವಳಪ್ಪ ಪಾವ್ಲೋ ಕೊಂತಿ. ಗಣತಿಯವರ ಥರ ಗಂಡಹೆಂಡತಿ ಹೆಸರು ಬರಿ."

ಅವನು ಬರೆದ: ಕಾರ್ಲೋ ಬ್ರೂನಿ, ಮರಿಯಾ ಬ್ರೂನಿ.

"ಬ್ರೂನಿ ಯಾಕೆ?"

"ಮದ್ವೆ ಆಗೈತಲ್ಲ ಸಾರ್! ನಮ್ಮಮ್ಮಿ ಆಧಾರಲ್ಲೂ ಅಬ್ಬಾ ಹೆಸ್ರೇ ಇರೋದು. ನಾನು ಕಲೆ ತೆಗಿತೀನಿ ಅಷ್ಟೇ, ಓದೋಕೆ ಬರಲ್ಲ. ಓದೋದು ಶಶಿರೇಖಾ ಮೇಡಮ್ಮು."

ಕಚೇರಿಯ ಮೂರನೆಯವಳಾದ ಶಶಿರೇಖಾ, ಇಟಲಿಯ ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥಾಶ್ರಮದಲ್ಲಿ ಬೆಳೆದು ಅವರಿಂದಲೇ ಭಾಷೆ ಕಲಿತವಳು. ಸಂಜೆ 4.10ಕ್ಕೆ ಅಂಬರೀಶ್ ಅವಳ ಮೇಜಿನೆದುರು ಕುಳಿತರು.

"ಈ ಹಾಳೆ ಮಾಡ್ದೋರಿಗೆ ಅಲ್ಲಿನ ಪದ್ಧತಿ ಗೊತ್ತಿದೆ. ಸಕ್ಲೇನ್‌ಗೆ ಗೊತ್ತಿಲ್ಲ. ಆದ್ರೂ ದೂರು, ಕಂಪ್ಯೂಟರು ಎರಡೂ ಅವನ ಕಡೆಗೇ ಕೈ ತೋರಿಸ್ತವೆ. ಏನ್ಮಾಡ್ಲಿ ಹೇಳಿ."

"ಅವನನ್ನ ಬಿಟ್ಬಿಡಿ ಸಾರ್. ಅವನು ಊಟಕ್ಕೆ ಹೋದಾಗ ನಾನೇ ಮಾಡಿದ್ದು."

ಖಾನೆಯಿಂದ ನಿಜವಾದ ಹಾಳೆಯ ಪ್ರತಿ ತೆಗೆದು ಓದಿದಳು. "ಪಿಯೆತ್ರೋ, ಎರಡು ವರ್ಷ. ಆಸ್ಪತ್ರೆ ಬಾಗಿಲಲ್ಲಿ ಬಿಟ್ಟುಹೋದ ಮಗು. ತಂದೆ ಗೊತ್ತಿಲ್ಲ. ತಾಯಿ ಗೊತ್ತಿಲ್ಲ."

"ಮತ್ತೆ ಆ ಗಂಡಹೆಂಡತಿ?"

"ಆ ಊರಲ್ಲಿ ಒಲೆಗಿಷ್ಟು ಅಂತ ತೆರಿಗೆ ಇತ್ತು ಸಾರ್. ಪಟ್ಟೀಲಿ ಹದಿನೇಳನೇ ಒಲೆ ಅವರದು. ಆಸ್ಪತ್ರೆ ಬೀದಿ. ಇಬ್ಬರೇ, ಮಕ್ಕಳಿರಲಿಲ್ಲ. ಮಗುನ ಆ ಒಲೆ ಮುಂದೆ ಕೂರಿಸಿದೆ."

"ಲೂಸಿಯಾ ಆ ಹೆಸ್ರುಗಳನ್ನ ಕಲ್ಲಲ್ಲೇ ಕೆತ್ತಿಸ್ಬಿಟ್ಟಿದಾರಲ್ಲ?" ಎಂದರು ಅಂಬರೀಶ್.

"ಫೋಟೋ ಕಳಿಸಿದ್ರು. ಅವತ್ತಿಂದ ನಿದ್ದೆ ಇಲ್ಲ."

5.05ಕ್ಕೆ ಬಂಧನ. ಠಾಣೆಯಲ್ಲಿ ಬಂಧನ ಪತ್ರ ತುಂಬುತ್ತಿದ್ದ ಪಾಪಮ್ಮನ ಪೆನ್ನು 'ತಂದೆ / ಗಂಡನ ಹೆಸರು' ಎಂಬಲ್ಲಿ ನಿಂತಿತು.

"ಮದ್ವೆ?"

"ಆಗಿಲ್ಲ."

"ಅಪ್ಪನ ಹೆಸ್ರು ಹೇಳಮ್ಮ."

ಶಶಿರೇಖಾ ಇಲ್ಲವೆಂದು ತಲೆಯಾಡಿಸಿದಳು. ಪಾಪಮ್ಮ ಸಾಹೇಬರ ಮುಖ ನೋಡಿದಳು. "ಒಂದು ಗೆರೆ ಎಳ್ದುಬಿಡ್ಲಾ ಸಾರ್?"

"ಗೆರೆ ಬೇಡ ಅಕ್ಕ," ಎಂದಳು ಶಶಿರೇಖಾ. "ಗೊತ್ತಿಲ್ಲ ಅಂತ ಬರೀರಿ. ಇರೋದನ್ನೇ ಬರೀಬೇಕು."

ಪಾಪಮ್ಮ ಬರೆದು ಹಾಳೆ ಅವಳತ್ತ ತಿರುಗಿಸಿದಳು. ಹಳೆಯ ಕಡತ ಓದುವಾಗಿನಂತೆ ಶಶಿರೇಖಾ ಆ ಪದದ ಕೆಳಗೆ ನಿಧಾನವಾಗಿ ಬೆರಳೋಡಿಸಿ, ಸಹಿ ಹಾಕಿದಳು.