ಹಲಸಿನ ಸುತ್ತಳತೆ

ಮರದ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ವಸಂತನಿಗೆ ಗೊತ್ತಾದದ್ದು ಈ ವರ್ಷ.

ಸಕಲೇಶಪುರದಾಚೆ, ದೋಣಿಗಲ್ ಊರಿನ ಮೇಲಿನ ಅವನ ಕಾಫಿ ತೋಟದಲ್ಲಿ ನಯನಾ ಹಳೇ ಹಲಸನ್ನು ತಬ್ಬಿ ನಿಂತಿದ್ದಳು. ಕೆನ್ನೆ ತೊಗಟೆಗೆ ತಾಗಿತ್ತು. ಕೈಯಲ್ಲಿ ಅಳತೆಯ ಟೇಪು. ಒಬ್ಬರ ತೋಳಿಗೆ ನಿಲುಕುವ ಮರವಲ್ಲ ಅದು. ಆಚೆ ಬದಿಯಲ್ಲಿ ಅವಳ ಜೊತೆಗಾರ ಮೋಹಿತ್ ಮೆಣಸಿನ ಬಳ್ಳಿ ಎತ್ತಿ, ಅದರಡಿ ಕೈ ತೂರಿಸಿದ. ಎರಡು ಕೈಗಳು ಮರದ ಹಿಂದೆ ಎಲ್ಲೋ ಸೇರಿದವು. ಎಷ್ಟು ಹೊತ್ತು ಎಂಬುದು ವಸಂತ ನಿಂತಲ್ಲಿಂದ ಕಾಣಲಿಲ್ಲ. ಕಾಣದ್ದೇ ಹೆಚ್ಚು ಉರಿಸಿತು.

"ಸಿಕ್ತಾ?"

"ಸಿಕ್ತು, ಬಿಡ್ಬೇಡಿ," ಎಂದ ಮೋಹಿತ್. ನಗು ಬೇರೆ.

ಕಾಫಿ ಹಣ್ಣು ಕೀಳುತ್ತಿದ್ದ ಕೂಲಿಯ ಈರಮ್ಮ ತಲೆಯೆತ್ತಿದಳು. "ಏನ್ ಚಿಕ್ಕಗೌಡ್ರೇ, ಹಸಿ ಮೆಣಸು ಕಡಿದಂಗೈತೆ ಮುಖ?"

"ಬಿಸ್ಲು ಕಣಮ್ಮ."

"ಹಲಸಿನ ನೆರಳಲ್ಲಿ ಬಿಸ್ಲಾ!"

ನಯನಾಳ ಯೂನಿವರ್ಸಿಟಿ ತಾನು ಗಾಳಿಗೆ ಬಿಡುವ ಹೊಗೆಗೆ ತಾನೇ ಜವಾಬು ಕೊಡಲು ಹೊರಟಿತ್ತು. ಕ್ಯಾಂಪಸ್ಸಿನಲ್ಲಿ ಎಲೆಕ್ಟ್ರಿಕ್ ಬಸ್ಸುಗಳು ಓಡಾಡಿದವು, ಹಾಸ್ಟೆಲ್ ಮೇಲೆ ಸೋಲಾರ್ ಬಂತು. ಅಷ್ಟಕ್ಕೇ ನಿಲ್ಲದೆ, ತೋಟದ ನೆರಳು ಮರಗಳು ಎಷ್ಟು ಇಂಗಾಲ ಹಿಡಿದಿಡುತ್ತವೆಂದು ಅಳೆಯಲು ವಿದ್ಯಾರ್ಥಿಗಳನ್ನು ಬೆಟ್ಟಕ್ಕೆ ಕಳಿಸಿತು. ಮರಕ್ಕೆ ಸ್ಪ್ರಿಂಗ್ ಇರುವ ಸ್ಟೀಲ್ ಬ್ಯಾಂಡ್ ಸುತ್ತಿದರು. ಮರ ದಪ್ಪವಾದಂತೆ ಸ್ಪ್ರಿಂಗ್ ಹಿಗ್ಗುತ್ತದೆ. ಆಗಾಗ ಟೇಪು ಹಿಡಿದು ತಾಳೆ ನೋಡುತ್ತಾರೆ. ಮೊದಲ ದಿನವೇ ನಯನಾ ಹೇಳಿದ್ದಳು: ಮಾಲೀಕರು ಬ್ಯಾಂಡಿಗೆ ಕೈ ಹಾಕಿದರೆ ತೋಟ ಅಧ್ಯಯನದಿಂದ ಹೊರಗೆ.

"ನಿನ್ನ ಮರ ದಪ್ಪ ಆಗೈತೆ ಕಣೋ," ಎಂದಳು ಈಗ.

"ನಾನು?"

"ನೀನಾ? ಒಣಗಿದ ಸಿಲ್ವರ್ ಓಕ್ ಮರ." ಕಣ್ಣಲ್ಲೇ ನಕ್ಕು ಮೋಹಿತನ ಕಡೆ ತಿರುಗಿದಳು. "ಪಿಯುಸಿಲಿ ಇವ್ನು ನನ್ನ ಕ್ಲಾಸು."

ಅಷ್ಟೇ. ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳ ಊರಾದ ಮಗ್ಗೆಯ ಬಸ್ಸು ಹೊರಡುವವರೆಗೆ ಕಾದು, ತನ್ನ ಬಸ್ಸು ಬಿಟ್ಟ ಸಂಜೆಗಳೆಲ್ಲ 'ನನ್ನ ಕ್ಲಾಸು' ಎಂಬುದರೊಳಗೆ ಮುದುಡಿ ಕೂತವು.

ಜೀಪು ಹತ್ತುವಾಗ ಮೋಹಿತ್ ಅವಳ ಜಡೆಯಿಂದ ಒಣ ಎಲೆಯೊಂದನ್ನು ತೆಗೆದ. ವಸಂತನ ತೋಟದ ಎಲೆ.

ಜೀಪಿನ ಸದ್ದು ಘಾಟಿಯ ಲಾರಿಗಳ ಸದ್ದಿನಲ್ಲಿ ಕರಗುವ ಮೊದಲೇ ವಸಂತ ಬಳ್ಳಿ ಎತ್ತಿ, ಸ್ಪ್ರಿಂಗ್ ಬಿಚ್ಚಿ, ಬ್ಯಾಂಡನ್ನು ಸ್ಟೋರಿನ ಮೂಲೆಗೆ ಎಸೆದುಬಂದ. ಮೋಹಿತ್ ಮುಟ್ಟಿದ್ದೇನೂ ಅಲ್ಲಿರಬಾರದಿತ್ತು. ಆಮೇಲೆ, ಕೈ ಸುಮ್ಮನಿರಲಾರದೆ, ಜೋತುಬಿದ್ದ ಬಳ್ಳಿಯನ್ನು ಬಾಳೆನಾರಿನಿಂದ ಮರಕ್ಕೆ ಮೆಲ್ಲಗೆ ಕಟ್ಟಿದ.

ಮುಂದಿನ ತಿಂಗಳು ನಯನಾ ಒಬ್ಬಳೇ ಬಂದಳು. ಬ್ಯಾಂಡ್ ಹುಡುಕುತ್ತ ಹಲಸಿನ ಸುತ್ತ ಒಂದು ಸುತ್ತು ಬಂದಳು.

"ಮಂಗ ಕಿತ್ತಿರ್ಬೇಕು," ಎಂದ ವಸಂತ.

ಅವಳು ಬಾಳೆನಾರನ್ನು ಬೆರಳಲ್ಲಿ ಮುಟ್ಟಿದಳು. "ಹೌದಾ? ಮಂಗ ಬಳ್ಳೀನ ಇಷ್ಟು ನಾಜೂಕಾಗಿ ಕಟ್ಟಿಟ್ಟು ಹೋಗ್ಬುಡ್ತಾ?"

ವಸಂತ ಬಳ್ಳಿಯ ಒಣ ಎಲೆಯೊಂದನ್ನು ಕಿತ್ತ.

"ಯಾಕೋ?"

"ಟೇಪು ಇಸ್ಕೊಳ್ಳೋಕೆ ಅಷ್ಟು ಹೊತ್ತು ಬೇಕೇನೇ ಅವ್ನಿಗೆ?"

ನಗು ಬಂತು ಅವಳಿಗೆ; ಬಂದಷ್ಟೇ ಬೇಗ ಹೋಯಿತು. "ನೀನು ಅವನ ಕೈ ನೋಡ್ದೆ. ಮಗ್ಗೆಯಿಂದ ಇಲ್ಲಿಗೆ ಬರೋ ದಾರೀಲಿ ಎಷ್ಟು ತೋಟ ಐತೆ, ಅದನ್ನ ನೋಡ್ಲಿಲ್ವಾ? ದೂರ ಆಯ್ತು, ಈ ತೋಟ ಬೇಡ ಅಂದ್ರು ನಮ್ಮ ಸರ್. ನಾನೇ ಜಗಳ ಆಡಿ ಆರಿಸ್ದೆ ಮಾರಾಯ!"

ವಸಂತ ಸ್ಟೋರಿನ ಕಡೆ ಕೈ ತೋರಿಸಿದ. "ಬ್ಯಾಂಡ್ ಸ್ಟೋರಲ್ಲೈತೆ. ಮತ್ತೆ ಕಟ್ಬುಡು. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ. ಹಲಸು ಕಡಿದು ಸಿಲ್ವರ್ ಓಕ್ ನೆಡ್ಬೇಡಿ ಅಂತ ತೋಟದವ್ರಿಗೆ ನಾಳೆ ಯಾವ ಬಾಯಲ್ಲಿ ಹೇಳ್ಲಿ? ನಮ್ಮ ಅಳತೇನೇ ಸುಳ್ಳಾದ್ರೆ ಜನ ಯೂನಿವರ್ಸಿಟಿ ಮಾತು ಯಾಕೆ ನಂಬಬೇಕು?"

ಅವಳು ಫೋನ್ ತೆಗೆದಳು. ಪ್ರೊಫೆಸರ್ ಎತ್ತಿದರು. ಮಂಗ ಕಿತ್ತಿತು ಎಂದುಬಿಡುತ್ತಾಳೆಂದು ಒಂದು ಕ್ಷಣ ವಸಂತ ಆಸೆಪಟ್ಟ. "ಸರ್, ದೋಣಿಗಲ್ ತೋಟದ ಬ್ಯಾಂಡು..." ಎಂದಳು ಅವಳು. ಮುಂದಿನದನ್ನು ಅವಳು ಹೇಳುವ ಮೊದಲೇ ವಸಂತ ಫೋನ್ ಇಸಿದುಕೊಂಡ.

"ಸರ್, ಬ್ಯಾಂಡ್ ಬಿಚ್ಚಿದ್ದು ನಾನೇ. ತೋಟದ ಮಾಲೀಕ. ನಯನಾದು ತಪ್ಪಿಲ್ಲ. ಹೊಟ್ಟೆಕಿಚ್ಚಿಗೆ ಬಿಚ್ಚಿದ್ದು ಸರ್."

"ಯಾರ ಮೇಲ್ರೀ ಹೊಟ್ಟೆಕಿಚ್ಚು?"

ವಸಂತ ಅವಳನ್ನು ನೋಡಿದ. "ಮರದ ಮೇಲೆ ಸರ್."

ತೋಟವನ್ನು ಅಧ್ಯಯನದಿಂದ ಕೈಬಿಟ್ಟರು. ಕರೆ ಮುಗಿದ ಮೇಲೆ ನಯನಾ ಟೇಪು ಸುತ್ತಿ ಬ್ಯಾಗಿಗೆ ಹಾಕಿದಳು. "ಇನ್ನು ಜೀಪು ಇಲ್ಲಿಗೆ ಬರಲ್ಲ."

"ಬೇರೆ ತೋಟಕ್ಕೆ ಮೋಹಿತ್ ಬರ್ತಾನಾ?"

"ಬರ್ತಾನೆ."

"ಬಳ್ಳಿ ಎತ್ತಿ ಹಿಡಿಯೋಕಾ?"

"ಅಯ್ಯೋ, ಇನ್ನೂ ಆರಿಲ್ವಾ ನಿನ್ನ ಉರಿ?" ಎಂದು ಅವಳು ಬ್ಯಾಗ್ ಕೆಳಗಿಟ್ಟಳು. "ಭಾನುವಾರ ಜೀಪಿಲ್ಲ. ಮಗ್ಗೆಯಿಂದ ಬಸ್ಸೈತೆ. ಸಕಲೇಶಪುರದಲ್ಲಿ ಕಾಯ್ತೀಯೇನು, ಮೊದ್ಲಿನ ಹಂಗೆ?"

ಉತ್ತರಕ್ಕೂ ಕಾಯದೆ ನಯನಾ ಹೋಗಿ ಹಲಸನ್ನು ತಬ್ಬಿದಳು.

"ಆ ಕಡೆ ಬಾ. ಬಳ್ಳಿ ಹುಷಾರು."

ಅವನು ಬಳ್ಳಿಯಡಿ ಕೈ ತೂರಿಸಿದ. ಒರಟು ತೊಗಟೆ, ಒಂದಿಷ್ಟು ತಂಪು, ಆಮೇಲೆ ಬೆರಳುಗಳು.

"ಸಿಕ್ತಾ?"

"ಸಿಕ್ತು."

"ಬಿಡ್ಬೇಡ."

ಅವನು ಬಿಡಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಪೂರ್ತಿ ಹೋಗಲಿಲ್ಲ. ಅವಳ ಕೆನ್ನೆ ಇನ್ನೂ ಮರದ ಮೇಲೇ ಇತ್ತು.